ದೊಡ್ಡ ನಿರ್ಧಾರದ ಮುಂದೆ ದೇವರನ್ನು ಕೇಳುವುದು ಹೇಗೆ? ಚೀಟಿ ಎತ್ತದೆ, ಹಂತ ಹಂತವಾಗಿ

"ಬ್ರದರ್, ತಿಂಗಳಿಂದ ಪ್ರಾರ್ಥನಾ ಮಾಡಾಕತ್ತೀನಿ, ದೇವರು ಏನೂ ಹೇಳವಲ್ಲ. ಈಗೇನ್ ಮಾಡ್ಲಿ?"

ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಈ ಪ್ರಶ್ನೆ ಕೇಳದ ಭಾನುವಾರ ಕಡಿಮೆ. ಕೇಳುವವರು ಬೇರೆ ಬೇರೆ. ಗಲ್ಫ್‌ಗೆ ಹೋಗಬೇಕೋ ಬೇಡವೋ ಅನ್ನುವ ಹುಡುಗ. ಮಗಳಿಗೆ ಬಂದ ಸಂಬಂಧ ಒಪ್ಪಬೇಕೋ ಅನ್ನುವ ತಾಯಿ. ಗುಳೇದಗುಡ್ಡದಲ್ಲಿ ಮಗ್ಗ ಬಿಟ್ಟು ಅಂಗಡಿ ಇಡಲೇ ಅನ್ನುವ ನೇಕಾರ. ತಿಕೋಟಾ ಕಡೆ ಸಾಲ ಮಾಡಿ ದ್ರಾಕ್ಷಿ ಹಚ್ಚಲೇ ಅನ್ನುವ ರೈತ. ಆಲಮಟ್ಟಿ ಹಿನ್ನೀರಿಗೆ ಹೊಲ ಹೋಗಿ ಪರಿಹಾರದ ದುಡ್ಡು ಬಂದಿದೆ, ಅದನ್ನು ಏನು ಮಾಡುವುದು ಅಂತ ಮನೆಯಲ್ಲಿ ಜಗಳ ಆಡುತ್ತಿರುವ ಅಣ್ಣತಮ್ಮಂದಿರು. ಎಲ್ಲರಿಗೂ ಒಂದೇ ಮಾತು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ತುಂಬಾ ಸಲ ತೊಂದರೆ ಇರುವುದು ದೇವರು ಮಾತಾಡದೇ ಇರುವುದರಲ್ಲಿ ಅಲ್ಲ. ನಾವು ಆಗಲೇ ಒಂದು ಕಡೆ ವಾಲಿಬಿಟ್ಟಿರುತ್ತೇವೆ. ಬೇಕಾಗಿರುವುದು ಸಹಿ ಮಾತ್ರ. ಕೆಳಗಿನ ಹಂತಗಳಲ್ಲಿ ಮೂರನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿರುವುದು ಅದಕ್ಕೇ.

ಏನೇನು ಬೇಕು

ಒಂದು ನೂರು ಪುಟದ ನೋಟ್‌ಬುಕ್, ಒಂದು ಪೆನ್ನು. ಮೊಬೈಲ್‌ನಲ್ಲಿ ಬರೆದರೆ ಆಗಲ್ವಾ ಅಂತ ಕೇಳಬೇಡಿ, ಅರ್ಧ ಸಾಲು ಬರೆಯುವಷ್ಟರಲ್ಲಿ ವಾಟ್ಸಾಪ್ ಬರುತ್ತದೆ. ನಿಮ್ಮ ಸತ್ಯವೇದ (ಬೈಬಲ್). ದಿನಕ್ಕೆ ಇಪ್ಪತ್ತು ನಿಮಿಷ. ನಂಬಿಕೆಗೆ ತಕ್ಕ ಇಬ್ಬರು ಮೂವರು. ಸಾಧ್ಯವಿದ್ದರೆ ಎರಡರಿಂದ ಮೂರು ವಾರದ ಕಾಲಾವಕಾಶ. ಅಷ್ಟು ಕಾಲ ಇಲ್ಲದವರು, ಉದಾಹರಣೆಗೆ ಆಸ್ಪತ್ರೆಯಲ್ಲಿ ನಿಂತಿರುವವರು, ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಕೆಲವು ಪದಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಎಲ್ಲ ಬಗೆಯ ಸಭೆಗಳೂ ಇವೆ. ಬೆಳಗಾವಿಗೆ ಲಂಡನ್ ಮಿಷನ್‌ನವರು 1820ರಲ್ಲಿ ಬಂದರು, ಆಮೇಲೆ ಅಲ್ಲಿ ಮೆಥಡಿಸ್ಟ್ ಸಭೆ ಬೆಳೆಯಿತು. ಅದೇ ಊರಿನಲ್ಲಿ 1856ರಿಂದ ಯೇಸು ಸಭೆ (ಜೆಸ್ವಿಟ್) ಎಂಬ ಕಥೋಲಿಕ ಸಂಘದ ಗುರುಗಳ ಶಾಲೆ ಇದೆ. ಗುಳೇದಗುಡ್ಡದ ಸಭೆ ಬಾಸೆಲ್ ಮಿಷನ್ ಕಾಲದ್ದು. ಹೀಗಾಗಿ ಒಂದೇ ವಿಷಯಕ್ಕೆ ಒಬ್ಬೊಬ್ಬರು ಒಂದೊಂದು ಪದ ಬಳಸುತ್ತಾರೆ. ಇಲ್ಲಿ ನಾನು ಬಳಸುವ ಅರ್ಥ ಹೀಗಿದೆ.

ದೇವರ ಚಿತ್ತ: ದೇವರಿಗೆ ಇಷ್ಟವಾದದ್ದು. ಇದರಲ್ಲಿ ಎರಡು ಪದರ ಇದೆ. ಎಲ್ಲರಿಗೂ ಅನ್ವಯಿಸುವ ಆಜ್ಞೆಗಳು ಒಂದು. ನನ್ನ ಬದುಕಿಗೆ ಮಾತ್ರ ಸಂಬಂಧಿಸಿದ ದಾರಿ ಇನ್ನೊಂದು. ಗೊಂದಲ ಬರುವುದು ಯಾವಾಗಲೂ ಎರಡನೆಯದರಲ್ಲಿ.

ವಿವೇಚನೆ: ಮನಸ್ಸಿಗೆ ಬರುವ ಯೋಚನೆಗಳಲ್ಲಿ ಯಾವುದು ದೇವರಿಂದ, ಯಾವುದು ನನ್ನ ಆಸೆಯಿಂದ ಅಥವಾ ಹೆದರಿಕೆಯಿಂದ ಬಂದದ್ದು ಅಂತ ಜರಡಿ ಹಿಡಿಯುವುದು.

ಸಾಂತ್ವನ ಮತ್ತು ಬರಡುತನ: ಕಥೋಲಿಕ ಧ್ಯಾನಕೂಟಗಳಿಗೆ ಹೋದವರಿಗೆ ಇವು ಗೊತ್ತಿರಬಹುದು. ದೇವರ ಕಡೆಗೆ, ಜನರ ಕಡೆಗೆ ಮನಸ್ಸು ತೆರೆದುಕೊಳ್ಳುವ ಸ್ಥಿತಿ ಸಾಂತ್ವನ. ಬೇಸಿಗೆಯಲ್ಲಿ ಎರೆಹೊಲ ಬಿರುಕು ಬಿಡುವ ಹಾಗೆ ಮನಸ್ಸು ಒಣಗಿ, ಪ್ರಾರ್ಥನೆ ಬೇಡ, ಮಂದಿ ಬೇಡ ಅನ್ನಿಸುವ ಸ್ಥಿತಿ ಬರಡುತನ.

ಹಂತ 1: ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ನನ್ನ ಭವಿಷ್ಯ ಏನು ಸ್ವಾಮಿ?" ಅನ್ನುವುದು ಪ್ರಶ್ನೆ ಅಲ್ಲ, ನಿಟ್ಟುಸಿರು. "ಜೂನ್ ಒಳಗೆ ಪುಣೆಯ ಕೆಲಸ ಒಪ್ಪಿಕೊಳ್ಳಬೇಕೋ, ಇಲ್ಲೇ ಅಪ್ಪನ ಜೊತೆ ಇರಬೇಕೋ?" ಇದು ಪ್ರಶ್ನೆ. ಇದರಲ್ಲಿ ಎರಡು ದಾರಿ ಇದೆ, ಒಂದು ತಾರೀಕು ಇದೆ.

ಕೆಳಗೆ ಇನ್ನೊಂದು ಸಾಲು ಬರೆಯಿರಿ: ಇದು ಯಾರ ನಿರ್ಧಾರ? ಮಗಳ ಮದುವೆಗೆ ತಂದೆ ತಾಯಿ ನಲವತ್ತು ದಿನ ಉಪವಾಸ ಮಾಡುತ್ತಾರೆ, ಮಗಳನ್ನು ಒಂದು ಮಾತು ಕೇಳಿರುವುದಿಲ್ಲ. ಅವಳ ಪ್ರಾರ್ಥನೆಗೂ ಒಂದು ಉತ್ತರ ಬರಬಹುದಲ್ವಾ?

ಹಂತ 2: ಉತ್ತರ ಈಗಾಗಲೇ ಇರುವ ಪ್ರಶ್ನೆಗಳನ್ನು ಬದಿಗಿಡಿ

ಕೆಲಸಕ್ಕೆ ಲಂಚ ಕೊಡಲೇ? ವರದಕ್ಷಿಣೆ ತೆಗೆದುಕೊಳ್ಳಲೇ? ತಮ್ಮನ ಪಾಲಿನ ಹೊಲವನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲೇ? ಇವುಗಳಿಗೆ ರಾತ್ರಿಯಿಡೀ ಪ್ರಾರ್ಥನೆ ಬೇಕಿಲ್ಲ. ಉತ್ತರ ಮೋಶೆಯ ಕಾಲದಿಂದಲೂ ಇದೆ.

ಇಲ್ಲಿ ಒಂದು ಹಳ್ಳ ಇದೆ, ಬೀಳಬೇಡಿ. ಬಿಳಾಮನ ಕಥೆ ಓದಿ (ಅರಣ್ಯಕಾಂಡ 22). ಇಸ್ರಾಯೇಲ್ಯರನ್ನು ಶಪಿಸಲು ಬಾ ಅಂತ ಒಬ್ಬ ಅರಸ ಅವನಿಗೆ ಜನ ಕಳಿಸಿದ. ದೇವರು "ಹೋಗಬೇಡ" ಅಂದಾಗ ಅವನು ಬಂದವರನ್ನು ವಾಪಸ್ ಕಳಿಸಿದ. ಆಮೇಲೆ ಇನ್ನೂ ದೊಡ್ಡ ಮಂದಿ, ಇನ್ನೂ ದೊಡ್ಡ ಮರ್ಯಾದೆಯ ಆಸೆ ತೋರಿಸಿಕೊಂಡು ಬಂದರು. ಆಗ ಬಿಳಾಮ "ಇನ್ನೊಮ್ಮೆ ಕೇಳಿ ನೋಡುತ್ತೇನೆ" ಅಂದ. ಸಂಭಾವನೆ ಹೆಚ್ಚಾಯಿತು ಅಂತ ಎರಡನೇ ಸಲ ಪ್ರಾರ್ಥನೆ ಮಾಡುವವರ ಗುಂಪಿಗೆ ಅವನೇ ಹಿರಿಯ.

ಹಂತ 3: ಮನಸ್ಸು ಎತ್ತ ವಾಲಿದೆ ಅಂತ ಒಪ್ಪಿಕೊಳ್ಳಿ

ಪ್ರವಾದಿ ಯೆರೆಮೀಯನ ಪುಸ್ತಕದ 41ರಿಂದ 43ನೇ ಅಧ್ಯಾಯಗಳನ್ನು ಒಂದೇ ಸಲ ಕೂತು ಓದಿ. ನಿರ್ಧಾರದ ವಿಷಯದಲ್ಲಿ ಇದಕ್ಕಿಂತ ಮುಖಕ್ಕೆ ಕನ್ನಡಿ ಹಿಡಿಯುವ ಭಾಗ ನನಗೆ ಸಿಕ್ಕಿಲ್ಲ, ಆದರೂ ಇದರ ಮೇಲೆ ಪ್ರಸಂಗ ಕೇಳಿದ್ದು ತೀರ ಅಪರೂಪ.

ಯೆರೂಸಲೇಮ್ ಬಿದ್ದಿದೆ. ಅದನ್ನು ಗೆದ್ದ ಬಾಬೆಲಿನ (ಬ್ಯಾಬಿಲೋನಿನ) ಅರಸನು ನೇಮಿಸಿದ ಅಧಿಕಾರಿಯ ಕೊಲೆಯಾಗಿದೆ. ಅಳಿದುಳಿದ ಜನ, ಯೋಹಾನಾನ ಎಂಬ ನಾಯಕನ ಹಿಂದೆ, ಹೆದರಿ ಯೆರೆಮೀಯನ ಹತ್ತಿರ ಬರುತ್ತಾರೆ. "ನಾವು ಯಾವ ದಾರಿ ಹಿಡಿಯಬೇಕು, ದೇವರನ್ನು ಕೇಳು. ಒಳ್ಳೆಯದಿರಲಿ ಕೆಟ್ಟದ್ದಿರಲಿ, ಆತ ಹೇಳಿದಂತೆ ಮಾಡುತ್ತೇವೆ" ಅನ್ನುತ್ತಾರೆ. ಎಂಥ ಒಳ್ಳೆಯ ಪ್ರಾರ್ಥನೆ! ಹತ್ತು ದಿನ ಆದ ಮೇಲೆ ಉತ್ತರ ಬರುತ್ತದೆ: ಇಲ್ಲೇ ಇರಿ, ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡಿ. ಅವರ ಪ್ರತಿಕ್ರಿಯೆ? "ನೀನು ಸುಳ್ಳು ಹೇಳುತ್ತಿದ್ದೀ." ಐಗುಪ್ತಕ್ಕೆ ಹೋಗೇಬಿಡುತ್ತಾರೆ. ಯೆರೆಮೀಯನನ್ನೂ ಕರೆದುಕೊಂಡೇ ಹೋಗುತ್ತಾರೆ.

ಗುಟ್ಟು ಇರುವುದು 41ನೇ ಅಧ್ಯಾಯದ ಕೊನೆಯಲ್ಲಿ. ಪ್ರವಾದಿಯನ್ನು ಕೇಳುವ ಮೊದಲೇ ಅವರು ಐಗುಪ್ತದ ದಾರಿ ಹಿಡಿದು ಬೇತ್ಲೆಹೇಮಿನ ಹತ್ತಿರ ಬಂದು ತಂಗಿದ್ದರು. ಗಂಟುಮೂಟೆ ಕಟ್ಟಿ ಆಗಿತ್ತು. ಪ್ರಾರ್ಥನೆ ಆಮೇಲೆ ಬಂತು.

ಈಗ ನಿಮ್ಮ ಗಂಟುಮೂಟೆ ನೋಡಿಕೊಳ್ಳಿ. ನೋಟ್‌ಬುಕ್‌ನಲ್ಲಿ ಈ ಮೂರಕ್ಕೆ ಉತ್ತರ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ.

ದೇವರು ಈಗಲೇ "ನಿನ್ನಿಷ್ಟ" ಅಂದರೆ ನಾನು ಯಾವುದನ್ನು ಆರಿಸುತ್ತೇನೆ?
ಯಾವ ಉತ್ತರ ಬಂದರೆ ನನಗೆ ಸಿಟ್ಟು ಬರುತ್ತದೆ?
ಈ ವಿಷಯ ಯಾರಿಂದ ಮುಚ್ಚಿಟ್ಟಿದ್ದೇನೆ, ಯಾಕೆ?

ಆಸೆ ಇರುವುದು ತಪ್ಪಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ತನ್ನ ಆಸೆಯನ್ನೇ ಹೇಳಿಕೊಂಡ, ಈ ಪಾತ್ರೆ ನನ್ನಿಂದ ತೊಲಗಲಿ ಅಂತ. ಆಮೇಲೆ ಅದನ್ನು ತಂದೆಯ ಕೈಗೆ ಬಿಟ್ಟ. ನಾವು ಮೊದಲನೆಯದನ್ನು ಹೇಳದೆ ನೇರವಾಗಿ "ನಿನ್ನ ಚಿತ್ತದಂತೆ ಆಗಲಿ" ಅನ್ನುತ್ತೇವೆ. ಕೇಳಲು ಭಕ್ತಿಯಾಗಿಯೇ ಇರುತ್ತದೆ, ಆಸೆ ಮಾತ್ರ ಒಳಗೆ ಹಾಗೇ ಕೂತಿರುತ್ತದೆ.

ಯೇಸು ಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯಸ್ ಇದಕ್ಕೆ ತಕ್ಕಡಿಯ ಮುಳ್ಳಿನ ಹೋಲಿಕೆ ಕೊಡುತ್ತಾನೆ. ಮುಳ್ಳು ನಟ್ಟನಡುವೆ ನಿಂತಿರಬೇಕು, ಆಗ ಮಾತ್ರ ದೇವರು ಇಡುವ ಸಣ್ಣ ತೂಕವೂ ಗೊತ್ತಾಗುತ್ತದೆ. ಸಂತೆಗೆ ಹೋದವರಿಗೆಲ್ಲ ಇದು ಗೊತ್ತು. ತಕ್ಕಡಿ ಎತ್ತಿದ ಕೂಡಲೇ ನಾವು ಮೊದಲು ನೋಡುವುದು ಬರೀ ತಟ್ಟೆಗಳು ಸಮ ಇವೆಯಾ ಅಂತ. ನಿಮ್ಮ ಮುಳ್ಳು ನಡುವೆ ಬರದಿದ್ದರೆ ಪರವಾಗಿಲ್ಲ. "ಸ್ವಾಮಿ, ನಾನು ಈ ಕಡೆ ವಾಲಿದ್ದೇನೆ, ನೀನೇ ಸಮ ಮಾಡು" ಅನ್ನುವುದೇ ಮುಂದಿನ ನಾಲ್ಕೈದು ದಿನದ ಪ್ರಾರ್ಥನೆ. ಅವಸರ ಮಾಡಿ ನಾಲ್ಕನೇ ಹಂತಕ್ಕೆ ಹಾರಬೇಡಿ.

ಹಂತ 4: ವಿಚಾರಿಸಿ

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಅಂತ ಕೇಳಿದ್ದು ಯೇಸುವೇ (ಲೂಕ 14:28). ಲೆಕ್ಕ ಹಾಕುವುದು ಅವಿಶ್ವಾಸ ಅಲ್ಲ.

ಗಲ್ಫ್ ಕೆಲಸವಾದರೆ ಏಜೆಂಟ್ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿ ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ಮಿತಿ ಇದೆ, 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ಮುಗಿಯಿತು. ದ್ರಾಕ್ಷಿಯಾದರೆ ಕೊಳವೆಬಾವಿಯ ನೀರು ಮೇ ತಿಂಗಳಲ್ಲಿ ಎಷ್ಟಿರುತ್ತದೆ, ಮೊದಲ ಫಸಲು ಬರುವವರೆಗೆ ಬಡ್ಡಿ ಯಾರು ಕಟ್ಟುತ್ತಾರೆ ಅಂತ ಬರೆಯಿರಿ. ದೀಕ್ಷಾಸ್ನಾನ (ಕ್ರೈಸ್ತರಾಗುವ ಸಂಸ್ಕಾರ) ಆದರೆ ಸರ್ಕಾರಿ ಸೌಲಭ್ಯ ಏನಾಗುತ್ತದೆ ಅಂತ ಸುಮಾರು ಮಂದಿ ಪಿಸುಮಾತಿನಲ್ಲಿ ಕೇಳುತ್ತಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ. ಇದನ್ನು ಪಾಸ್ಟರ್ ಹತ್ತಿರ ಅಲ್ಲ, ವಕೀಲರ ಹತ್ತಿರ ಕೂತು ಪೂರ್ತಿ ತಿಳಿದುಕೊಳ್ಳಿ. ಗೊತ್ತಿದ್ದು ಬೆಲೆ ತೆರುವುದು ಬೇರೆ, ಆಮೇಲೆ ಗೊತ್ತಾಗಿ ಕೊರಗುವುದು ಬೇರೆ.

ಬರೀ ವಿಚಾರಿಸಿದರೂ ಸಾಲದು. ಹತ್ತಿರದಲ್ಲೇ ಇದ್ದ ಗಿಬ್ಯೋನಿನವರು ಒಪ್ಪಂದ ಮಾಡಿಸಿಕೊಳ್ಳಲು ಹರಕು ಚೀಲ, ಬೂಜು ಹಿಡಿದ ರೊಟ್ಟಿ ತೋರಿಸಿ ತಾವು ದೂರದ ಊರಿನವರು ಅಂತ ಇಸ್ರಾಯೇಲ್ಯರನ್ನು ನಂಬಿಸಿದರು. ಇಸ್ರಾಯೇಲ್ಯರು ರೊಟ್ಟಿ ಪರೀಕ್ಷಿಸಿದರು, ದೇವರನ್ನು ಕೇಳಲಿಲ್ಲ (ಯೆಹೋಶುವ 9). ಸಾಕ್ಷಿ ಕಣ್ಣ ಮುಂದೇ ಇದೆ ಅನ್ನಿಸಿದಾಗಲೇ ಕೇಳುವುದನ್ನು ಮರೆಯುತ್ತೇವೆ.

ಹಂತ 5: ವಾಕ್ಯ ಓದಿ, ಆದರೆ ಚೀಟಿ ಎತ್ತಬೇಡಿ

ನಮ್ಮ ಕಡೆ ದೇವರ ಮುಂದೆ ಹೂವು ಕೇಳುವ ಪದ್ಧತಿ ಎಲ್ಲರಿಗೂ ಗೊತ್ತು. ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ. ಅದನ್ನು ನಂಬುವವರ ಬಗ್ಗೆ ನಾನು ಇಲ್ಲಿ ಏನೂ ಹೇಳುತ್ತಿಲ್ಲ. ಆದರೆ ನಾವು ಸತ್ಯವೇದವನ್ನೇ ಹೂವು ಮಾಡಿಕೊಂಡಿದ್ದೇವೆ. ಕಣ್ಣು ಮುಚ್ಚಿ ಪುಸ್ತಕ ತೆರೆಯುವುದು, ಬೆರಳಿಡುವುದು, ಬಂದ ವಾಕ್ಯವೇ ಉತ್ತರ.

ಇದು ನಮ್ಮ ಕಡೆಯವರಷ್ಟೇ ಮಾಡುವ ತಪ್ಪು ಅಲ್ಲ. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1737ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿದ್ದಾಗ ಸೋಫಿಯಾ ಎಂಬ ಹುಡುಗಿಯನ್ನು ಮದುವೆಯಾಗಬೇಕೋ ಬೇಡವೋ ಅಂತ ಮೂರು ಚೀಟಿ ಬರೆದ. "ಮದುವೆಯಾಗು", "ಈ ವರ್ಷ ಬೇಡ", "ಇನ್ನು ಯೋಚಿಸಲೇಬೇಡ". ಮೂರನೆಯದು ಬಂತು. ಹುಡುಗಿ ಬೇರೊಬ್ಬನನ್ನು ಮದುವೆಯಾದಳು. ವೆಸ್ಲಿ ಅದನ್ನು ಶಾಂತವಾಗಿ ತೆಗೆದುಕೊಂಡನೇ? ಇಲ್ಲ. ಆಮೇಲೆ ಅವಳಿಗೆ ಪ್ರಭುಭೋಜನ ನಿರಾಕರಿಸಿ ಕೋರ್ಟು ಕಚೇರಿ ಆಗಿ ಅದೇ ವರ್ಷದ ಕೊನೆಗೆ ಊರು ಬಿಟ್ಟ. ಚೀಟಿ ನಿರ್ಧಾರ ಕೊಟ್ಟಿತು. ಮನಸ್ಸು ನಿರ್ಧರಿಸಿರಲಿಲ್ಲ.

"ಸಂತ ಅಗಸ್ಟೀನನಿಗೆ ಹಾಗೇ ಆಯಿತಲ್ಲ?" ಅಂತ ಕೇಳುವವರಿದ್ದಾರೆ. 386ರಲ್ಲಿ ಮಿಲಾನ್‌ನಲ್ಲಿ ಅವನು ಪುಸ್ತಕ ತೆರೆದಾಗ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಬಂದದ್ದು ನಿಜ. ಆದರೆ ಅವನು ಕೇಳುತ್ತಿದ್ದದ್ದು ಕೆಲಸವೋ ಸೈಟೋ ಅಂತ ಅಲ್ಲ. ವರ್ಷಗಟ್ಟಲೆ ಒದ್ದಾಡಿ, ಮಾಡಬೇಕಾದದ್ದು ಏನು ಅಂತ ಗೊತ್ತಿದ್ದೂ ಮಾಡಲಾಗದೆ ಅಳುತ್ತಿದ್ದ.

ನನ್ನದೂ ಒಂದು ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಒಂದೊಂದು ವಾಕ್ಯ ಬರೆದು ಹಂಚುವ ವಾಗ್ದಾನದ ಕಾರ್ಡಿನಲ್ಲಿ ನನಗೆ ಅಬ್ರಾಮನಿಗೆ ಹೇಳಿದ "ಸ್ವದೇಶ ಬಿಟ್ಟು ಹೊರಡು" ಅನ್ನುವ ಮಾತು ಬಂತು. ಇದ್ದ ಕೆಲಸ ಬಿಟ್ಟು ಪುಣೆಗೆ ಹೋದೆ. ಎಂಟು ತಿಂಗಳಿಗೆ ವಾಪಸ್ ಬಂದೆ. ತಪ್ಪು ಕಾರ್ಡಿನದಲ್ಲ. ಅಂದು ಅದೇ ವಾಕ್ಯ ಬಂದವರು ನಮ್ಮ ಸಭೆಯಲ್ಲಿ ಇನ್ನೂ ಮೂವರಿದ್ದರು, ಅವರೆಲ್ಲ ಊರಲ್ಲೇ ಆರಾಮಾಗಿದ್ದಾರೆ.

ಹಾಗಾದರೆ ಹೇಗೆ ಓದುವುದು? ಒಂದು ಪುಸ್ತಕ ಹಿಡಿದು ಮೊದಲಿಂದ ಕೊನೆಯವರೆಗೆ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯ ಇವೆ, ದಿನಕ್ಕೊಂದರಂತೆ ಎರಡು ವಾರದ ಮೇಲೆ ಎರಡು ದಿನ. ತಿಂಗಳ ಸಮಯ ಇದ್ದರೆ ಜ್ಞಾನೋಕ್ತಿಗಳು, 31 ಅಧ್ಯಾಯ. ಓದಿದ ಮೇಲೆ "ನನಗೆ ಏನು ಮಾಡು ಅಂತ ಹೇಳುತ್ತಿದೆ?" ಅಂತ ಕೇಳಬೇಡಿ. "ದೇವರು ಯಾವುದಕ್ಕೆ ಬೆಲೆ ಕೊಡುತ್ತಾನೆ, ನಾನು ಯಾವುದಕ್ಕೆ ಕೊಡುತ್ತಿದ್ದೇನೆ?" ಅಂತ ಕೇಳಿ. ಒಂದು ಸಾಲು ಬರೆಯಿರಿ, ಸಾಕು.

"ಸ್ವಬುದ್ಧಿಯನ್ನೇ ಆಧಾರಮಾಡಿಕೊಳ್ಳದೆ" ಅನ್ನುವ ಜ್ಞಾನೋಕ್ತಿ 3:5 ಹಿಡಿದು ಬುದ್ಧಿಯನ್ನೇ ಬಳಸಬಾರದು ಅನ್ನುವವರಿದ್ದಾರೆ. ಅದೇ ಪುಸ್ತಕದ ಮುಂದಿನ ಅಧ್ಯಾಯ ಜ್ಞಾನವನ್ನು ಸಂಪಾದಿಸು, ವಿವೇಕವನ್ನು ಪಡೆದುಕೋ ಅಂತ ಬೆನ್ನು ಹತ್ತುತ್ತದೆ. ಊರುಗೋಲಾಗಿ ಬುದ್ಧಿಯೊಂದನ್ನೇ ನೆಚ್ಚಿಕೊಳ್ಳಬೇಡ ಅಂದರೆ ತಲೆಯನ್ನು ಮನೆಯಲ್ಲಿ ಬಿಟ್ಟು ಬಾ ಅಂತ ಅರ್ಥ ಅಲ್ಲ.

ಹಂತ 6: ಇಪ್ಪತ್ತು ನಿಮಿಷದ ಪ್ರಾರ್ಥನೆ

ಮುಂಜಾನೆ ಒಳ್ಳೆಯದು, ನಲ್ಲಿ ನೀರು ಬರುವ ಮೊದಲು. ಹತ್ತು ನಿಮಿಷ ಮಾತಾಡಿ. ಇನ್ನು ಹತ್ತು ನಿಮಿಷ ಸುಮ್ನೆ ಕೂತಿರಿ. ಮೊದಲ ವಾರ ಆ ಹತ್ತು ನಿಮಿಷದಲ್ಲಿ ಹಾಲಿನ ಬಾಕಿ, ಕರೆಂಟ್ ಬಿಲ್, ನಾದಿನಿಯ ಮಾತು, ಎಲ್ಲ ನೆನಪಾಗುತ್ತದೆ. ಆಗಲಿ. ಧ್ವನಿ ಕೇಳಬೇಕು ಅಂತ ಕಾಯಬೇಡಿ. ಯಾಕೋಬನ ಪತ್ರ (1:5) ಜ್ಞಾನ ಕಡಿಮೆ ಇದ್ದವನು ಕೇಳಲಿ, ದೇವರು ಕೊಡುತ್ತಾನೆ ಅನ್ನುತ್ತದೆ. ಅಲ್ಲಿ ಸಿಗುವ ಮಾತು ಜ್ಞಾನದ್ದು, ಸಿದ್ಧ ಉತ್ತರದ್ದಲ್ಲ.

ಉಪವಾಸ ಮಾಡುವವರು ಮಾಡಿ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಬಾಣಂತಿಯರು, ದಿನವೂ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ಒಂದು ವಾರ ಟಿವಿ ಬಿಡುವುದೂ ಉಪವಾಸವೇ, ಕೆಲವರಿಗೆ ಅದು ಊಟ ಬಿಡುವುದಕ್ಕಿಂತ ಕಷ್ಟ.

ಹಂತ 7: ಮನಸ್ಸಿನ ಹವಾಮಾನ ಬರೆದಿಡಿ

1521ರಲ್ಲಿ ಪಾಂಪ್ಲೋನಾ ಕೋಟೆಯ ಕಾದಾಟದಲ್ಲಿ ಫಿರಂಗಿ ಗುಂಡು ತಗುಲಿ ಇಗ್ನಾಸಿಯಸ್‌ನ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಹೋಗದೆ ಕನಸು ಕಾಣುತ್ತಿದ್ದ. ಒಂದು ಕನಸು ದೊಡ್ಡ ಮನೆತನದ ಒಬ್ಬ ಹೆಣ್ಣಿನ ಮುಂದೆ ಮೆರೆಯುವುದು, ಇನ್ನೊಂದು ಸಂತರಂತೆ ಬದುಕುವುದು. ಎರಡೂ ಕಾಣುವಾಗ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದರ ಸಂತೋಷ ಉಳಿಯುತ್ತಿತ್ತು. ಈ ಒಂದು ವ್ಯತ್ಯಾಸ ಗಮನಿಸಿದ್ದರಿಂದಲೇ ಅವನ ದಾರಿ ಬದಲಾಯಿತು.

ನೀವು ಮಾಡಬೇಕಾದದ್ದು ಹೀಗೆ. ಮೊದಲ ಹಂತದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಪುಣೆಗೆ ಹೋಗುವುದು ಖಚಿತ ಅಂತ ಅಂದುಕೊಂಡು ಮೂರು ದಿನ ಬದುಕಿ. ಪ್ರತಿ ರಾತ್ರಿ ಒಂದು ಸಾಲು: ಇವತ್ತು ಮನಸ್ಸು ಹೇಗಿತ್ತು? ಮುಂದಿನ ಮೂರು ದಿನ ಇಲ್ಲೇ ಉಳಿಯುವುದು ಖಚಿತ ಅಂತ ಅಂದುಕೊಳ್ಳಿ. ಮತ್ತೆ ಬರೆಯಿರಿ. ಎರಡು ಸುತ್ತು ಮಾಡಿದರೆ ಹನ್ನೆರಡು ಸಾಲು ಸಿಗುತ್ತದೆ. ಆ ಹನ್ನೆರಡು ಸಾಲನ್ನು ಒಟ್ಟಿಗೆ ಓದಿದಾಗ ಕಾಣುವುದು ಒಂದೊಂದು ದಿನ ಕಾಣುವುದಿಲ್ಲ.

ಇಲ್ಲಿ ದೊಡ್ಡ ತಪ್ಪು: "ನನಗೆ ಸಮಾಧಾನ ಇದೆ, ಹಾಗಾಗಿ ಇದು ದೇವರ ಚಿತ್ತ." ಪ್ರವಾದಿ ಯೋನ ದೇವರಿಂದ ಓಡಿಹೋಗುತ್ತಿದ್ದಾಗ ಬಿರುಗಾಳಿಯ ನಡುವೆ ಹಡಗಿನ ತಳದಲ್ಲಿ ಗಾಢ ನಿದ್ದೆಯಲ್ಲಿದ್ದ. ಯೇಸು ತಂದೆಯ ಚಿತ್ತದ ನಟ್ಟನಡುವೆ ಇದ್ದಾಗ ಬೆವರು ರಕ್ತದ ಹನಿಗಳಂತೆ ಬೀಳುತ್ತಿತ್ತು. ಕಷ್ಟದಿಂದ ತಪ್ಪಿಸಿಕೊಂಡ ನಿರಾಳ ಬೇರೆ, ಸಮಾಧಾನ ಬೇರೆ. ಗುರುತು ಹೇಳಬೇಕೆಂದರೆ, ನಿರಾಳ ಎರಡು ದಿನದಲ್ಲಿ ಆರುತ್ತದೆ. ಸಮಾಧಾನದ ಜೊತೆ ಹೆದರಿಕೆ ಇದ್ದರೂ ಅದು ಮತ್ತೆ ಮತ್ತೆ ವಾಪಸ್ ಬರುತ್ತದೆ.

ಬರಡುತನದಲ್ಲಿ ಇರುವಾಗ ಹೊಸ ನಿರ್ಧಾರ ಬೇಡ ಅನ್ನುವುದು ಇಗ್ನಾಸಿಯಸ್‌ನ ಗಟ್ಟಿ ನಿಯಮ. ಮನೆಯಲ್ಲಿ ಸಾವಾಗಿ ತಿಂಗಳೂ ಆಗಿಲ್ಲ, ಸಾಲಗಾರ ಬಾಗಿಲಲ್ಲಿ ಕೂಗಾಡಿ ಹೋಗಿದ್ದಾನೆ, ಅಂಥ ಹೊತ್ತಲ್ಲಿ ಹೊಲ ಮಾರುವ ಕಾಗದಕ್ಕೆ ಸಹಿ ಹಾಕಬೇಡಿ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ವಿವೇಚನೆಯ ವಿಷಯ ಅಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಅಕ್ಕತಂಗಿಯರು "ಇಲ್ಲೇ ಇರುವುದು ದೇವರ ಚಿತ್ತವೇ?" ಅಂತ ಕೇಳುತ್ತಾರೆ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. 181 ಮಹಿಳಾ ಸಹಾಯವಾಣಿ, 112 ತುರ್ತು ಕರೆ. ಉಳಿದ ಪ್ರಶ್ನೆ ಆಮೇಲೆ.

ಹಂತ 8: ಮೂವರನ್ನು ಕೇಳಿ

ನಿಮ್ಮನ್ನು ಬಲ್ಲವರು ಒಬ್ಬರು. ವಿಷಯವನ್ನು ಬಲ್ಲವರು ಒಬ್ಬರು. ನಿಮ್ಮ ನಿರ್ಧಾರದಿಂದ ಲಾಭವೂ ನಷ್ಟವೂ ಇಲ್ಲದವರು ಒಬ್ಬರು. ಅಯ್ಯನವರು (ಪಾಸ್ಟರ್), ಫಾದರ್ ಅಥವಾ ಸಭೆಯ ಹಿರಿಯರು ಇವರಲ್ಲಿ ಒಬ್ಬರಾಗಿರಲಿ, ಮೂವರೂ ಅವರೇ ಆಗುವುದು ಬೇಡ. ಸಲಹೆ ಕೊಡುವವರು ಕ್ರೈಸ್ತರೇ ಆಗಿರಬೇಕಾ? ಮೋಶೆಗೆ ಕೆಲಸ ಹಂಚುವ ಬುದ್ಧಿ ಹೇಳಿದ್ದು ಅವನ ಮಾವ ಇತ್ರೋ, ಮಿದ್ಯಾನಿನ ಯಾಜಕ (ವಿಮೋಚನಕಾಂಡ 18). ದ್ರಾಕ್ಷಿಯ ವಿಷಯಕ್ಕೆ ಪಕ್ಕದ ಹೊಲದ ಗೌಡರ ಮಾತು ನನ್ನ ಮಾತಿಗಿಂತ ಮೇಲು.

ಕೇಳುವಾಗ "ನಾನು ಹೀಗೆ ಮಾಡ್ಬೇಕು ಅಂತಿದ್ದೀನಿ, ಸರಿ ಅಲ್ವಾ?" ಅನ್ನಬೇಡಿ. ಎಲ್ಲರೂ ಸರಿ ಅಂತಲೇ ಅನ್ನುತ್ತಾರೆ. ಎರಡೂ ದಾರಿ ಹೇಳಿ, ಬಾಯಿ ಮುಚ್ಚಿ ಕೇಳಿಸಿಕೊಳ್ಳಿ.

ಎಚ್ಚರಿಕೆ. "ದೇವರು ನಿನ್ನ ಬಗ್ಗೆ ನನಗೆ ತೋರಿಸಿದ್ದಾನೆ" ಅಂತ ಬರುವವರ ಮಾತನ್ನು ಅಲ್ಲೇ ಒಪ್ಪಿಕೊಳ್ಳಬೇಡಿ. ಪ್ರವಾದನೆ ಹೇಳಿದಾಗ ಉಳಿದವರು ಅದನ್ನು ವಿವೇಚಿಸಲಿ ಅಂತ ಅಪೊಸ್ತಲ ಪೌಲನೇ ಬರೆದಿದ್ದಾನೆ (1 ಕೊರಿಂಥ 14:29). ಅರಸುಗಳ ಮೊದಲ ಭಾಗದ 13ನೇ ಅಧ್ಯಾಯದಲ್ಲಿ ಒಬ್ಬ ಮುದಿ ಪ್ರವಾದಿ "ದೇವದೂತ ನನಗೆ ಹೇಳಿದ" ಅಂತ ಸುಳ್ಳಾಡಿ ದೇವರ ಮನುಷ್ಯನನ್ನು ಊಟಕ್ಕೆ ಕರೆದೊಯ್ಯುತ್ತಾನೆ. ನಂಬಿ ಹೋದವನನ್ನು ದಾರಿಯಲ್ಲಿ ಸಿಂಹ ಕೊಲ್ಲುತ್ತದೆ. ದರ್ಶನದ ಜೊತೆ ಕಾಣಿಕೆಯ ಮೊತ್ತವನ್ನೂ ಹೇಳಿದರೆ ಎದ್ದು ಬನ್ನಿ.

ಹಂತ 9: ಗುರುತು ಕೇಳುವ ಮೊದಲು

"ನಾಳೆ ಆ ಫೋನ್ ಬಂದರೆ ಹೌದು ಅಂತ ತಿಳ್ಕೋತೀನಿ." ಸತ್ಯವೇದದ ಗಿದ್ಯೋನ, ಗುರುತಿಗಾಗಿ ಉಣ್ಣೆಯ ಮೇಲೆ ಮಾತ್ರ ಇಬ್ಬನಿ ಬೀಳಲಿ ಅಂತ ದೇವರನ್ನು ಕೇಳಿದನಲ್ಲ ಅನ್ನುತ್ತೀರಿ. ನಿಜ, ಆದರೆ ಅವನಿಗೆ ಏನು ಮಾಡಬೇಕು ಅಂತ ಮೊದಲೇ ಸ್ಪಷ್ಟವಾಗಿ ಹೇಳಿ ಆಗಿತ್ತು. ಉಣ್ಣೆ ಬಂದದ್ದು ಹೆದರಿಕೆಯಿಂದ. ದೇವರು ಅವನ ಹೆದರಿಕೆಗೆ ತಾಳ್ಮೆ ತೋರಿಸಿದ. ನನ್ನ ಸಲಹೆ, ಈ ಹಂತವನ್ನು ಬಿಟ್ಟೇಬಿಡಿ.

ಹಂತ 10: ನಿರ್ಧರಿಸಿ, ಹೇಳಿ, ಹೊರಡಿ

ಗೊತ್ತುಮಾಡಿದ ತಾರೀಕಿಗೆ ನಿರ್ಧಾರ ಬರೆಯಿರಿ. ಮೂರು ದಿನ ಯಾರಿಗೂ ಹೇಳದೆ ಅದನ್ನೇ ಪ್ರಾರ್ಥನೆಯಲ್ಲಿ ಇಡಿ. ಮನಸ್ಸು ಪೂರ್ತಿ ಕದಡಿದರೆ ಮೂರನೇ ಹಂತಕ್ಕೆ ವಾಪಸ್. ಇಲ್ಲದಿದ್ದರೆ ಮನೆಯವರಿಗೆ ಹೇಳಿ.

ಹೇಳುವಾಗ "ದೇವರೇ ನನಗೆ ಹೇಳಿದ" ಅನ್ನಬೇಡಿ. ಹಾಗಂದರೆ ಹೆಂಡತಿ, ತಾಯಿ ಇನ್ನು ಮಾತಾಡುವ ಹಾಗೇ ಇಲ್ಲ, ದೇವರ ಎದುರು ಯಾರು ವಾದ ಮಾಡುತ್ತಾರೆ? "ಪ್ರಾರ್ಥನೆ ಮಾಡಿ, ವಿಚಾರಿಸಿ, ಇದು ಸರಿ ಅನ್ನಿಸಿದೆ" ಅನ್ನಿ. ಯೆರೂಸಲೇಮಿನ ಅಪೊಸ್ತಲರೇ "ಪವಿತ್ರಾತ್ಮನಿಗೂ ನಮಗೂ ವಿಹಿತವಾಗಿ ತೋರಿತು" ಅಂತ ಬರೆದರು (ಅಪೊಸ್ತಲರ ಕೃತ್ಯಗಳು 15:28). ತೋರಿತು, ಅಷ್ಟೇ.

ಹೊರಟ ಮೇಲೆ ಬಾಗಿಲು ಮುಚ್ಚಬಹುದು. ಪೌಲನಿಗೆ ಆಸ್ಯ ಸೀಮೆಯಲ್ಲಿ ತಡೆ, ಬಿಥೂನ್ಯದಲ್ಲಿ ತಡೆ, ಆಮೇಲೆ ತ್ರೋವದಲ್ಲಿ ಮಕೆದೋನ್ಯದ ದರ್ಶನ. ಅವನು ಮನೆಯಲ್ಲಿ ಕೂತು ಕಾಯುತ್ತಿರಲಿಲ್ಲ, ನಡೆಯುತ್ತಿದ್ದ. ಮಕೆದೋನ್ಯದ ಫಿಲಿಪ್ಪಿಗೆ ಹೋದ ಮೇಲೆ ಸಿಕ್ಕಿದ್ದು ಛಡಿ ಏಟು, ಸೆರೆಮನೆ. ತೊಂದರೆ ಬಂತು ಅಂದ ಮಾತ್ರಕ್ಕೆ ನಿರ್ಧಾರ ತಪ್ಪು ಅಂತ ಅಲ್ಲ.

ಆರು ತಿಂಗಳ ನಂತರದ ಒಂದು ತಾರೀಕನ್ನು ನೋಟ್‌ಬುಕ್ ಕೊನೇ ಪುಟದಲ್ಲಿ ಬರೆದಿಡಿ. ಅವತ್ತು ಮೂರನೇ ಹಂತದಲ್ಲಿ ಬರೆದದ್ದನ್ನು ತೆಗೆದು ಓದಿ.

ಸಮಯವೇ ಇಲ್ಲದಿದ್ದಾಗ

ಅಪ್ಪನನ್ನು ರಾತ್ರೋರಾತ್ರಿ ಮಿರಜದ ಆಸ್ಪತ್ರೆಗೆ ಕರೆದೊಯ್ದಿದ್ದೀರಿ, ಡಾಕ್ಟರ್ ಆಪರೇಶನ್‌ಗೆ ಸಹಿ ಕೇಳುತ್ತಿದ್ದಾರೆ. ಹತ್ತು ಹಂತಕ್ಕೆ ಹೊತ್ತಿಲ್ಲ. ಅರಮನೆಯ ಸೇವೆಯಲ್ಲಿದ್ದ ನೆಹೆಮೀಯನಿಗೆ ಅರಸ "ನಿನಗೇನು ಬೇಕು?" ಅಂದಾಗ, ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಅವನು ಪ್ರಾರ್ಥಿಸಿದ (ನೆಹೆಮೀಯ 2:4). ಕೆಲವೇ ಕ್ಷಣ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಪ್ರಾರ್ಥಿಸಿದ್ದ ಅನ್ನುವುದೂ ನಿಜ.

ನೀವು ಡಾಕ್ಟರನ್ನು ಮೂರು ಕೇಳಿ: ಮಾಡದಿದ್ದರೆ ಏನಾಗುತ್ತದೆ, ಮಾಡಿದರೆ ಅಪಾಯ ಏನು, ಬೆಳಗಿನವರೆಗೆ ಕಾಯಬಹುದಾ? ಅಪ್ಪ ಮಾತಾಡುವ ಸ್ಥಿತಿಯಲ್ಲಿದ್ದರೆ ಅವರನ್ನೇ ಕೇಳಿ. ಊರಿನ ಹಿರಿಯರಿಗೆ ಒಂದು ಫೋನ್ ಮಾಡಿ, ಪ್ರಾರ್ಥನೆಗೆ ಹೇಳಿ. "ಸ್ವಾಮಿ, ಕೈ ಹಿಡಿ" ಅಂತ ಸಹಿ ಹಾಕಿ. ಯಾರಾದರೂ ಬಂದು ನಂಬಿಕೆ ಇದ್ದರೆ ಆಪರೇಶನ್ ಯಾಕೆ, ಔಷಧಿ ನಿಲ್ಲಿಸಿ ಅಂದರೆ, ಹೊರಗೆ ಕೂತು ಪ್ರಾರ್ಥನೆ ಮಾಡಲು ಅವರನ್ನು ಕೇಳಿಕೊಳ್ಳಿ, ಫೈಲು ಮಾತ್ರ ನಿಮ್ಮ ಕೈಯಲ್ಲೇ ಇರಲಿ.